ಸಾಕ್ಯದ ದೂಳಿನಡಿ ಧರ್ಮಕೀರ್ತಿ

ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋದರೆ ಸಂಜೆ ಇಳಿಯುವವರೆಗೆ ಕಾಯಿರಿ. ಡ್ರೆಪುಂಗ್ ವಿಹಾರದ ಅಂಗಳದಲ್ಲಿ ಮೊದಲು ಕಿವಿಗೆ ಬೀಳುವುದು ಚಪ್ಪಾಳೆ. ಒಂದಲ್ಲ, ಹತ್ತಲ್ಲ, ಮಳೆ ಬಿದ್ದ ಹಾಗೆ ಚಪ್ಪಾಳೆ! ಕೆಂಪು ವಸ್ತ್ರದ ಹುಡುಗರು ಜೋಡಿ ಜೋಡಿಯಾಗಿ ಸೇರಿದ್ದಾರೆ. ಒಬ್ಬ ನೆಲದ ಮೇಲೆ ಕೂತಿದ್ದಾನೆ, ಇನ್ನೊಬ್ಬ ನಿಂತಿದ್ದಾನೆ. ನಿಂತವನು ಬಲಗೈಯನ್ನು ತಲೆಯ ಮೇಲಿಂದ ಬೀಸಿ ತಂದು, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತಾ, ಎಡ ಅಂಗೈಗೆ ಫಟ್ಟೆಂದು ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನು ಮಿಸುಕದೆ ಉತ್ತರ ಕೊಡಬೇಕು. ಮೊದಲ ಸಲ ನೋಡಿದಾಗ ನನಗೆ ಜಗಳವೆಂದೇ ಅನ್ನಿಸಿತ್ತು. ನಡೆಯುತ್ತಿದ್ದುದು ತರ್ಕ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುತ್ತೀಯಲ್ಲ, ಯಾವ ಧೈರ್ಯದ ಮೇಲೆ? ಕಂಡದ್ದರಿಂದ ಕಾಣದ್ದಕ್ಕೆ ಹಾರುವ ಹಕ್ಕು ನಿನಗೆ ಬಂದದ್ದು ಎಲ್ಲಿಂದ?

ಆ ಪ್ರಶ್ನೆಗಳ ಬುಡದಲ್ಲಿರುವ ಪುಸ್ತಕ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’. 7ನೆಯ ಶತಮಾನದ ಹೊತ್ತಿನ ಸಂಸ್ಕೃತ ಗ್ರಂಥ, ಸುಮಾರು 1450 ಕಾರಿಕೆಗಳು, ಅಂದರೆ ಪದ್ಯಗಳು. ಬರೆದವನು ದಕ್ಷಿಣದಲ್ಲಿ ಹುಟ್ಟಿದವನು ಎಂದು ಟಿಬೆಟ್ಟಿನ ಪರಂಪರೆ ಹೇಳುತ್ತದೆ. ಮುಂಡಗೋಡಿನ ಹುಡುಗರು ಅದನ್ನು ಟಿಬೆಟನ್ ಭಾಷೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಬೈಲಕುಪ್ಪೆಯ ಸೆರಾ ವಿಹಾರದಲ್ಲೂ ಅಷ್ಟೇ. ಚಳಿಗಾಲದಲ್ಲಿ ಪ್ರಮಾಣಶಾಸ್ತ್ರದ ವಾದಕ್ಕೇ ಮೀಸಲಾದ, ತಿಂಗಳ ಕಾಲ ನಡೆಯುವ ಕೂಟವೂ ಉಂಟು. ಸೋಜಿಗ ಏನು ಗೊತ್ತೇ? ಈ ಪುಸ್ತಕದ ಸಂಸ್ಕೃತ ಮೂಲ ನೂರು ವರ್ಷಗಳ ಹಿಂದೆ ಇಲ್ಲಿನ ವಿದ್ವಾಂಸರಿಗೆ ಸಿಗುತ್ತಿರಲಿಲ್ಲ. ಹುಟ್ಟಿದ ನೆಲದಲ್ಲಿ ಅದು ಕಣ್ಮರೆಯಾಗಿತ್ತು.

ಹಾಗಾದರೆ ಎಲ್ಲಿತ್ತು?

ಅದಕ್ಕೆ ಮೊದಲು ಎಲೆಯ ಮಾತು. ನಮ್ಮ ಕರಾವಳಿಯ ಶ್ರೀತಾಳೆ ಮರವನ್ನು ನೆನಪಿಸಿಕೊಳ್ಳಿ. ಬೀಸಣಿಗೆಯಂಥ ದೈತ್ಯ ಗರಿಗಳು, ಬದುಕಿಡೀ ಒಂದೇ ಒಂದು ಸಲ ಹೂವು, ಹೂ ಬಿಟ್ಟು ಕಾಯಾದ ಮೇಲೆ ಸಾವು. ಮಲಬಾರು, ತುಳುನಾಡು, ಸಿಂಹಳ ಇದರ ನೆಲೆ. ನಳಂದಾ, ವಿಕ್ರಮಶಿಲಾ, ನೇಪಾಳದ ಕಡೆಯ ಹಳೆಯ ಓಲೆಗಳಲ್ಲಿ ಹೆಚ್ಚಿನವು ಈ ಶ್ರೀತಾಳೆಯ ಗರಿಯವೇ! ಅಂದರೆ ಕಡಲ ಗಾಳಿಯಲ್ಲಿ ಬೆಳೆದ ಗರಿ ಗಂಗೆಯ ಬಯಲಿಗೆ ಸಾಗಿ ಅಲ್ಲಿ ಬುದ್ಧವಚನ ಹೊತ್ತಿದೆ. ನಮ್ಮಲ್ಲಿ ಮೊನಚಾದ ಕಂಟದಿಂದ ಕೊರೆದು, ಕೊರೆದ ಗೆರೆಗೆ ಮಸಿ ತಿಕ್ಕುವುದು ರೂಢಿ. ಉತ್ತರದವರು ಕೊರೆಯಲಿಲ್ಲ, ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಬರೆದರು. ಎರಡು ಗೇಣಿಗೂ ಮೀರಿದ ಉದ್ದ, ಮೂರು ಬೆರಳಗಲ. ದಾರ ಪೋಣಿಸುವ ತೂತಿನ ಸುತ್ತ ಪುಟ್ಟ ಚೌಕ ಖಾಲಿ ಬಿಟ್ಟು, ಸಾಲುಗಳು ಆ ಚೌಕವನ್ನು ಮುಟ್ಟದೆ ದಾಟಿ ಮುಂದೆ ಹೋಗುತ್ತವೆ. ದಾರ ಉಜ್ಜಿದರೂ ಒಂದಕ್ಷರ ಅಳಿಯಬಾರದು ಎಂಬ ಕಾಳಜಿ ಅದು. ಅಂಥ ಓಲೆಯ ಫೋಟೋ ಮುಂದಿಟ್ಟುಕೊಂಡು ಕೂತರೆ ನನ್ನ ಕಣ್ಣು ಮೊದಲು ಹೋಗುವುದು ಆ ಖಾಲಿ ಚೌಕಕ್ಕೇ.

ಇಂಥ ಎಲೆಗಳು ಮಳೆ, ಗೆದ್ದಲು, ಬಿಸಿಲು ಇರುವ ನೆಲದಲ್ಲಿ ಬಹುಕಾಲ ಬಾಳುವುದಿಲ್ಲ. ಹಳೆಯದು ಸವೆಯುವ ಮುಂಚೆ ಯಾರಾದರೂ ಕೂತು ಮತ್ತೆ ನಕಲು ಮಾಡಬೇಕು. ನಕಲು ಮಾಡುವ ಕೈಯೇ ಇಲ್ಲವಾದರೆ? 1200ರ ಆಸುಪಾಸಿನಲ್ಲಿ ಆದದ್ದು ಅದೇ. ಮಗಧದ ಮಹಾವಿಹಾರಗಳು ಪಾಳುಬಿದ್ದವು. ವಿಕ್ರಮಶಿಲೆಯ ಕೊನೆಯ ಕಾಲದ ಆಚಾರ್ಯ ಶಾಕ್ಯಶ್ರೀಭದ್ರ ಕೆಲವೇ ಪಂಡಿತರನ್ನು ಕಟ್ಟಿಕೊಂಡು 1204ರಲ್ಲಿ ಟಿಬೆಟ್ ಸೇರಿದ. ಅಲ್ಲಿ ಸಾಕ್ಯ ಪಂಡಿತನೆಂದು ಹೆಸರಾದ ತರುಣನಿಗೆ ಪಾಠ ಹೇಳಿದ, ಇಬ್ಬರೂ ಕೂತು ಪ್ರಮಾಣವಾರ್ತಿಕದ ಟಿಬೆಟನ್ ಅನುವಾದವನ್ನು ತಿದ್ದಿದರು. ಮುಂಡಗೋಡಿನ ಹುಡುಗರ ಬಾಯಲ್ಲಿರುವುದು ಆ ತಿದ್ದಿದ ಪಾಠ. ಎಂಟುನೂರು ವರ್ಷ!

ಇಲ್ಲಿ ಉಳಿದದ್ದು ಚೂರುಪಾರು. ಆ ಚೂರುಗಳನ್ನು ಉಳಿಸಿದವರು ಯಾರೆಂದು ತಿಳಿದಾಗ ಮೈ ಜುಮ್ಮೆಂದಿತು. ಧರ್ಮಕೀರ್ತಿಯನ್ನು ಖಂಡಿಸಿದವರು! ಎದುರಾಳಿಯ ಮಾತನ್ನು ಮುರಿಯಬೇಕಾದರೆ ಮೊದಲು ಅದನ್ನು ನೆಟ್ಟಗೆ ಎತ್ತಿ ಹೇಳಬೇಕು ಎಂಬುದು ನಮ್ಮ ಶಾಸ್ತ್ರಕಾರರ ಶಿಸ್ತು. ಹಾಗಾಗಿ ಪೂರ್ವಪಕ್ಷದ ಸಾಲುಗಳಲ್ಲಿ ಧರ್ಮಕೀರ್ತಿ ಬದುಕಿದ. ಕನ್ನಡಿಗರಿಗೆ ಜೈನ ತಾರ್ಕಿಕ ಅಕಲಂಕ ಗೊತ್ತು. ಬೌದ್ಧರನ್ನು ವಾದದಲ್ಲಿ ಗೆದ್ದವನೆಂದು ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿ ಅವನನ್ನು ಹಾಡುತ್ತದೆ. ಆ ಅಕಲಂಕ ಧರ್ಮಕೀರ್ತಿಯನ್ನು ಅದೆಷ್ಟು ಆಳವಾಗಿ ಓದಿದ್ದನೆಂದರೆ, ಅವನ ‘ನ್ಯಾಯವಿನಿಶ್ಚಯ’ ಎಂಬ ಹೆಸರಿನಲ್ಲೇ ಧರ್ಮಕೀರ್ತಿಯ ‘ಪ್ರಮಾಣವಿನಿಶ್ಚಯ’ ಮಾರ್ದನಿಗೊಡುತ್ತದೆ. ಇನ್ನು ಗುಜರಾತಿನ ಜೈನ ಭಂಡಾರಗಳಂತೂ ಬೌದ್ಧರ ಇಡೀ ಗ್ರಂಥಗಳನ್ನೇ ಜೋಪಾನ ಮಾಡಿದ್ದವು. ಶಾಂತರಕ್ಷಿತನ ‘ತತ್ತ್ವಸಂಗ್ರಹ’ ಕಮಲಶೀಲನ ಟೀಕೆಯೊಂದಿಗೆ 1926ರಲ್ಲಿ ಬರೋಡದಲ್ಲಿ ಅಚ್ಚಾದದ್ದು ಜೈನರು ಕಾಪಾಡಿದ ಹಸ್ತಪ್ರತಿಗಳಿಂದಾಗಿ.

ಆದರೆ ಪ್ರಮಾಣವಾರ್ತಿಕ?

ಈಗ ರಾಹುಲ ಸಾಂಕೃತ್ಯಾಯನ ಬರಬೇಕು. ಆಜಂಗಢದ ಹಳ್ಳಿಯೊಂದರಲ್ಲಿ 1893ರಲ್ಲಿ ಕೇದಾರನಾಥ ಪಾಂಡೆಯಾಗಿ ಹುಟ್ಟಿ, ಸಾಧುವಾಗಿ, ಆರ್ಯಸಮಾಜಿಯಾಗಿ, ಸಿಂಹಳದಲ್ಲಿ ಪಾಲಿ ಕಲಿತು ಕೊನೆಗೆ ಭಿಕ್ಷುವಾದ ಮನುಷ್ಯ. ಕಾಲಲ್ಲಿ ಚಕ್ರ ಇಟ್ಟುಕೊಂಡೇ ಹುಟ್ಟಿದವರು! ಟಿಬೆಟ್ಟಿಗೆ ಹೋಗಲು ಪರವಾನಗಿ ಸಿಗುವಂತಿರಲಿಲ್ಲ. ನೇಪಾಳದೊಳಕ್ಕೂ ಸುಮ್ಮನೆ ಕಾಲಿಡುವಂತಿರಲಿಲ್ಲ. ಶಿವರಾತ್ರಿಗೆ ಮಾತ್ರ ಪಶುಪತಿನಾಥನ ಯಾತ್ರಿಕರನ್ನು ಒಳಗೆ ಬಿಡುತ್ತಿದ್ದರು. 1929ರ ಶಿವರಾತ್ರಿಯ ಜನಜಂಗುಳಿಯಲ್ಲಿ ರಾಹುಲರೂ ಸೇರಿಕೊಂಡರು, ವೇಷ ಮರೆಸಿಕೊಂಡು ಗಡಿ ದಾಟಿ ಲ್ಹಾಸಾ ಮುಟ್ಟಿದರು. ಮರಳುವಾಗ 22 ಹೇಸರಗತ್ತೆಗಳ ಮೇಲೆ ಪುಸ್ತಕ, ಚಿತ್ರಪಟಗಳ ಹೊರೆ. ಆದರೆ ಅವೆಲ್ಲ ಟಿಬೆಟನ್. ಅವರ ಜೀವ ತುಡಿಯುತ್ತಿದ್ದುದು ಸಂಸ್ಕೃತದ ಓಲೆಗಳಿಗೆ. 1934ರಲ್ಲಿ ಮತ್ತೆ ಹೋದರು, ಜೊತೆಗೆ ಟಿಬೆಟ್ಟಿನ ಧೀಮಂತ ಗೆಂದುನ್ ಛೋಫೆಲ್. 1936ರಲ್ಲಿ ಮತ್ತೆ. 1938ರಲ್ಲಿ ಮತ್ತೆ. ಹನ್ನೆರಡು ಸಾವಿರ ಅಡಿಗೂ ಮೀರಿದ ಎತ್ತರದ ಆ ಬಯಲುಗಳಲ್ಲಿ ಸಾಕ್ಯ, ಙೋರ್, ಶಲು ಎಂದು ಒಂದೊಂದೇ ವಿಹಾರದ ಬಾಗಿಲು ತಟ್ಟುತ್ತ ತಿರುಗಿದರು.

1936ರಲ್ಲಿ ಸಾಕ್ಯದ ಛಗ್‌ಪೆ ಲ್ಹಾಖಾಂಗ್ ಎಂಬ ಗ್ರಂಥಕೋಣೆಯ ಬಾಗಿಲು ತೆರೆಯಿತು. ಆ ಗಳಿಗೆಯನ್ನು ಎಷ್ಟು ಸಲ ಊಹಿಸಿಕೊಂಡಿದ್ದೇನೋ! ಕಾಲಿಟ್ಟಲ್ಲೆಲ್ಲ ದಪ್ಪನೆಯ ದೂಳು. ಹೆಜ್ಜೆಗೊಂದು ಮೋಡ ಏಳುತ್ತದೆ. ಸಾಲುಸಾಲು ಕಪಾಟು, ಕಾಗದದ ಹೊತ್ತಗೆಗಳು, ಮತ್ತೂ ಕಾಗದದ ಹೊತ್ತಗೆಗಳು. ಅವುಗಳ ನಡುವೆ ಬೆರಳಿಗೆ ಬೇರೆ ತೆರನ ಅಂಚು ತಾಗುತ್ತದೆ. ತಾಳೆಗರಿ! ದಾರ ಬಿಚ್ಚಿ ಹಲಗೆ ಸರಿಸಿದರೆ ಪ್ರಜ್ಞಾಕರಗುಪ್ತನ ‘ವಾರ್ತಿಕಾಲಂಕಾರ’, ಪ್ರಮಾಣವಾರ್ತಿಕದ ಮೇಲಿನ ದೊಡ್ಡ ಭಾಷ್ಯ. ಶಲುವಿನಲ್ಲಿ ಮನೋರಥನಂದಿಯ ವೃತ್ತಿ ಸಿಕ್ಕಿತು. ಅದರ ಅಂಚಿನಲ್ಲಿ ಯಾರೋ ಟಿಪ್ಪಣಿ ಬರೆದಿದ್ದರು. ಯಾರೋ ಅಲ್ಲ, ವಿಭೂತಿಚಂದ್ರ! 1204ರಲ್ಲಿ ಶಾಕ್ಯಶ್ರೀಭದ್ರನ ಜೊತೆ ಬೆಟ್ಟ ಹತ್ತಿದ್ದ ಪಂಡಿತರಲ್ಲೊಬ್ಬ. ಊರು ಬಿಟ್ಟು, ಭಾಷೆ ಗೊತ್ತಿಲ್ಲದ ನಾಡಿನಲ್ಲಿ, ಶಾಯಿ ಹೆಪ್ಪುಗಟ್ಟುವ ಚಳಿಯಲ್ಲಿ ಕೂತು ಧರ್ಮಕೀರ್ತಿಯ ಮಾತುಗಳಿಗೆ ಅಂಚಿನಲ್ಲಿ ವಿವರಣೆ ಬರೆದವನು. ಏಳುನೂರು ವರ್ಷಗಳ ನಂತರ ಅದನ್ನು ಓದಲು ಅದೇ ಗಂಗೆಯ ಬಯಲಿನ ಇನ್ನೊಬ್ಬ ಭಿಕ್ಷು ಬಂದಿದ್ದ.

ಓಲೆಗಳನ್ನು ವಿಹಾರದವರು ಕೊಡಲಿಲ್ಲ, ಕೊಡಬಾರದಿತ್ತು ಕೂಡ. ರಾಹುಲರು ಕೆಲವನ್ನು ಕೈಯಾರೆ ನಕಲು ಮಾಡಿದರು, ಉಳಿದವುಗಳ ಫೋಟೋ ತೆಗೆಸಿದರು. ನೆಗೆಟಿವ್‌ಗಳು ಪಟ್ನಾ ಸೇರಿದವು. ಪ್ರಮಾಣವಾರ್ತಿಕದ ಸಂಸ್ಕೃತ ಕಾರಿಕೆಗಳು 1938ರಲ್ಲಿ ಪಟ್ನಾದ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾದವು. ಆ ಫೋಟೋಗಳ ಪ್ರತಿಗಳು ಜರ್ಮನಿಯ ಗಟಿಂಗನ್‌ವರೆಗೂ ಹೋದವು. ಅವನ್ನು ಭೂತಗನ್ನಡಿಯಲ್ಲಿ ನೋಡಿ ಗ್ರಂಥ ಸಂಪಾದಿಸಿದವರ ತಾಳ್ಮೆಗೆ ಕೈಮುಗಿಯಬೇಕು. ಒಂದೇ ಚಿತ್ರದಲ್ಲಿ ಹಲವು ಎಲೆಗಳು, ಅಂಚು ಮಸುಕು, ಸಾಲದ್ದಕ್ಕೆ ಎಲೆಯನ್ನು ಹಲಗೆಗೆ ಒತ್ತಿ ಹಿಡಿದ ಪಿನ್ನಿನ ತಲೆ ಕೆಲವೆಡೆ ನೇರವಾಗಿ ಅಕ್ಷರದ ಮೇಲೇ ಕೂತಿದೆ. ಆ ಗುಂಡು ನೆರಳಿನ ಕೆಳಗೆ ‘ತ’ ಇದೆಯೋ ‘ನ’ ಇದೆಯೋ? ‘ನ’ ಆದರೆ ಇಡೀ ವಾಕ್ಯ ತಲೆಕೆಳಗು!

ಅಲ್ಲಿ ನೆರವಿಗೆ ಬಂದದ್ದು ಟಿಬೆಟನ್ ಅನುವಾದ. ಆ ಲೋಚಾವಾಗಳು, ಅಂದರೆ ಅನುವಾದಕರು, ಒಂದು ಸಂಸ್ಕೃತ ಪದಕ್ಕೆ ಒಂದೇ ಟಿಬೆಟನ್ ಪದವೆಂದು ಗೊತ್ತುಮಾಡಿಕೊಂಡು ಆದಷ್ಟೂ ಅದಕ್ಕೇ ಅಂಟಿಕೊಂಡವರು. ಹಾಗಾಗಿ ಅನುವಾದವನ್ನು ಹಿಡಿದು ಮೂಲದ ಬಾಗಿಲು ತೆರೆಯಬಹುದು. ವಸುಬಂಧುವಿನ ‘ಅಭಿಧರ್ಮಕೋಶಭಾಷ್ಯ’ವನ್ನೇ ನೋಡಿ. ಬೆಲ್ಜಿಯಂನ ವಿದ್ವಾಂಸ ಲೂಯಿ ದ ಲಾ ವಲೀ ಪುಸ್ಸೆಂ ಚೀನೀ, ಟಿಬೆಟನ್ ಅನುವಾದಗಳನ್ನೂ ಯಶೋಮಿತ್ರನ ಸಂಸ್ಕೃತ ಟೀಕೆಯನ್ನೂ ಹರಡಿಕೊಂಡು 1923ರಿಂದ 1931ರವರೆಗೆ ಇಡೀ ಭಾಷ್ಯವನ್ನು ಫ್ರೆಂಚಿನಲ್ಲಿ ತಂದರು, ಮೂಲವನ್ನು ಕಣ್ಣಿಂದ ನೋಡದೆ! ರಾಹುಲರಿಗೆ ಮೂಲದ ಓಲೆ ಙೋರ್ ವಿಹಾರದಲ್ಲಿ ಸಿಕ್ಕಿತು. ಅದು ಪಟ್ನಾದಲ್ಲಿ ಅಚ್ಚಾಗುವ ಹೊತ್ತಿಗೆ 1967. ಪುಸ್ಸೆಂ 1938ರಲ್ಲೇ ತೀರಿಕೊಂಡಿದ್ದರು.

ಕತೆ ಅಲ್ಲಿಗೆ ಮುಗಿಯಿತೆಂದುಕೊಂಡವರೇ ಹೆಚ್ಚು. 1961ರಲ್ಲಿ ಟಿಬೆಟ್ಟಿನ 259 ಸಂಸ್ಕೃತ ಹಸ್ತಪ್ರತಿಗಳನ್ನು ಬೀಜಿಂಗಿಗೆ ಒಯ್ದರು. ಹೊರಗಿನ ವಿದ್ವಾಂಸರಿಗೆ ಅವು ಹತ್ತಿರ ಹತ್ತಿರ ಅದೃಶ್ಯವಾದವು. 1993ರಲ್ಲಿ ಲ್ಹಾಸಾಕ್ಕೆ ಹಿಂತಿರುಗಿದವು. ಇತ್ತ ವಿಯೆನ್ನಾದಲ್ಲಿ ಅರ್ನ್ಸ್ಟ್ ಸ್ಟೈನ್‌ಕೆಲ್ನರ್ ಎಂಬ ವಿದ್ವಾಂಸರು ‘ಪ್ರಮಾಣವಿನಿಶ್ಚಯ’ದ ಎರಡನೆಯ ಅಧ್ಯಾಯವನ್ನು ಟಿಬೆಟನ್ನಿನಲ್ಲಿ ಸಂಪಾದಿಸಿ, ಬೇರೆ ಬೇರೆ ಗ್ರಂಥಗಳಲ್ಲಿ ಉಲ್ಲೇಖವಾಗಿ ಉಳಿದಿದ್ದ ಸಂಸ್ಕೃತ ಚೂರುಗಳನ್ನು ಹೆಕ್ಕಿ ಜೋಡಿಸಿ 1973ರಲ್ಲಿ ಪ್ರಕಟಿಸಿದ್ದರು. ಮೂಲ ಸಿಗುವ ಆಸೆ ಯಾರಿಗಿತ್ತು? 2004ರಲ್ಲಿ ಬೀಜಿಂಗಿನ ಚೀನಾ ಟಿಬೆಟಾಲಜಿ ಸಂಶೋಧನಾ ಕೇಂದ್ರಕ್ಕೂ ಆಸ್ಟ್ರಿಯಾದ ವಿಜ್ಞಾನ ಅಕಾಡೆಮಿಗೂ ಒಪ್ಪಂದವಾಯಿತು, ಓಲೆಗಳ ಚಿತ್ರಗಳು ಮೇಜಿನ ಮೇಲೆ ಬಂದವು. 2007ರಲ್ಲಿ ಅದೇ ಸ್ಟೈನ್‌ಕೆಲ್ನರ್, ಅದೇ ಅಧ್ಯಾಯವನ್ನು, ಧರ್ಮಕೀರ್ತಿಯದೇ ಸಂಸ್ಕೃತದಲ್ಲಿ ಹೊರತಂದರು. 34 ವರ್ಷಗಳ ಅಂತರ. ತಾನು ಚೂರು ಚೂರಾಗಿ ಕಟ್ಟಿದ್ದ ವಾಕ್ಯ ಇಡಿಯಾಗಿ ಓಲೆಯ ಮೇಲೆ ಕಂಡ ದಿನ ಅವರಿಗೆ ಹೇಗನ್ನಿಸಿರಬೇಕು!

ಇನ್ನೂ ಬೆರಗಿನ ಕೆಲಸ ದಿಙ್ನಾಗನ ಗ್ರಂಥದ್ದು. ಧರ್ಮಕೀರ್ತಿ ವಾರ್ತಿಕ ಬರೆದದ್ದು ಯಾವುದರ ಮೇಲೋ ಆ ‘ಪ್ರಮಾಣಸಮುಚ್ಚಯ’ದ ಮೂಲ ಇಂದಿಗೂ ಸಿಕ್ಕಿಲ್ಲ. ಆದರೆ ಅದಕ್ಕೆ ಜಿನೇಂದ್ರಬುದ್ಧಿ ಬರೆದ ಟೀಕೆಯ ಸಂಸ್ಕೃತ ಓಲೆ ಟಿಬೆಟ್ಟಿನಲ್ಲಿತ್ತು. ಟೀಕಾಕಾರರ ಪದ್ಧತಿ ನಮಗೆ ಗೊತ್ತೇ ಇದೆ, ಮೂಲದ ಪದ ಎತ್ತಿಕೊಳ್ಳುವುದು, ಅರ್ಥ ಹೇಳುವುದು, ಮುಂದಿನ ಪದ ಎತ್ತಿಕೊಳ್ಳುವುದು. ಆ ಎತ್ತಿಕೊಂಡ ಪದಗಳನ್ನು ಒಂದೊಂದಾಗಿ ಆರಿಸಿ, ಟಿಬೆಟನ್ ಅನುವಾದದ ಜೊತೆ ತಾಳೆ ನೋಡಿ, ದಿಙ್ನಾಗನ ಮೊದಲ ಅಧ್ಯಾಯವನ್ನು ಸಂಸ್ಕೃತದಲ್ಲಿ ಮತ್ತೆ ಕಟ್ಟಿ ಸ್ಟೈನ್‌ಕೆಲ್ನರ್ ಅವರೇ 2005ರಲ್ಲಿ ಮುಂದಿಟ್ಟರು. ಅಕ್ಕಿಯಲ್ಲಿ ಬೆರೆತ ಮುತ್ತು ಹೆಕ್ಕಿ ಮತ್ತೆ ಹಾರ ಪೋಣಿಸಿದ ಹಾಗೆ.

ಯಾರೂ ನೆನೆಯದೆ ಸಿಕ್ಕಿದ್ದೂ ಉಂಟು. ‘ವಿಮಲಕೀರ್ತಿನಿರ್ದೇಶ’ ಚೀನಾ, ಜಪಾನಿನ ಮನೆಮಾತು. ವೈಶಾಲಿಯ ಒಬ್ಬ ಗೃಹಸ್ಥ ಬುದ್ಧನ ಶಿಷ್ಯರನ್ನೆಲ್ಲ ಮಾತಿನಲ್ಲಿ ನಿರುತ್ತರಗೊಳಿಸಿ, ಕೊನೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಂದಾಗ ತಾನು ಮೌನವಾಗುವ ಕತೆ. ಸಂಸ್ಕೃತ ಮೂಲ ನಾಶವಾಯಿತೆಂದೇ ಎಲ್ಲರೂ ತಿಳಿದಿದ್ದರು. 1999ರಲ್ಲಿ ಜಪಾನಿನ ತೈಶೋ ವಿಶ್ವವಿದ್ಯಾಲಯದ ತಂಡ ಲ್ಹಾಸಾದ ಪೊಟಾಲ ಅರಮನೆಯ ಹಸ್ತಪ್ರತಿಗಳನ್ನು ನೋಡುತ್ತಿದ್ದಾಗ ಒಂದು ಕಟ್ಟು ಕೈಗೆ ಬಂತು. ತಾಳೆಗರಿ, ಪೂರ್ವ ಭಾರತದ ಲಿಪಿ. ವಿಮಲಕೀರ್ತಿ, ಪೂರ್ತಿ! 2006ರಲ್ಲಿ ಪರಿಷ್ಕೃತ ಪಠ್ಯ ಅಚ್ಚಾಯಿತು.

ಆ ಕಟ್ಟಿನ ಕೊನೆಯ ಎಲೆಯಲ್ಲಿ ಗೋಪಾಲದೇವ ಎಂಬ ಪಾಲ ಅರಸನ ಆಳ್ವಿಕೆಯ 12ನೆಯ ವರ್ಷ ಎಂದಿದೆ. ದಾನ ಕೊಟ್ಟವನ ಹೆಸರಿದೆ: ಭಿಕ್ಷು ಶೀಲಧ್ವಜ. ಅವನ ಬಗ್ಗೆ ಬೇರೆ ಯಾವ ಚರಿತ್ರೆಯ ಪುಸ್ತಕದಲ್ಲೂ ನಾನು ಓದಿಲ್ಲ. ಇಂಥ ದಾನದ ಓಲೆಗಳ ಕೊನೆಗೆ ರೂಢಿಯಲ್ಲಿದ್ದ ಹಾರೈಕೆಯೊಂದಿದೆ. ಇದರಿಂದ ಬರುವ ಪುಣ್ಯ ಗುರುಹಿರಿಯರಿಗೆ, ತಾಯಿತಂದೆಗೆ, ಆಮೇಲೆ ಸಕಲ ಜೀವಿಗಳಿಗೂ ಸಲ್ಲಲಿ ಎಂಬ ಹಾರೈಕೆ. ಶೀಲಧ್ವಜ ಒಬ್ಬ ಲಿಪಿಕಾರನಿಂದ ಬರೆಸಿದ, ಹಲಗೆಗಳ ನಡುವೆ ಇಟ್ಟು ದಾರ ಕಟ್ಟಿಸಿದ. ಆಮೇಲೆ ಯಾರೋ ಅದನ್ನು ಬೆನ್ನಿಗೆ ಹಾಕಿಕೊಂಡು ಹಿಮಾಲಯ ದಾಟಿದರು.