ಹಳೇ ಜೀಪಿಗೆ ಹೊಸ ಗುಂಡಿಗೆ: ಕೊಳ್ಳುವವರೇ, ಬಾನೆಟ್ ಎತ್ತಿ ನೋಡಿ!

ಬಸ್ ಸ್ಟ್ಯಾಂಡ್ ಎದುರಿನ ಹಾರ್ಡ್‌ವೇರ್ ಅಂಗಡಿ ಶೆಟ್ಟರಿಗೆ ಮೂರು ತಿಂಗಳಿಂದ ಒಂದೇ ಗೀಳು. ಕೈ ಗಿರಾಕಿಗೆ ಮೊಳೆ ತೂಗುತ್ತಿದ್ದರೂ ಕಣ್ಣು ಮಾತ್ರ ಮೊಬೈಲಿನ ಮೇಲೆ. ಅದರಲ್ಲಿರುವುದು ಒಂದು ಜೀಪಿನ ಫೋಟೋ. ಮಿಲಿಟರಿ ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಹೊಸ ಟೈರು, ಹೊಸ ಹುಡ್ಡು. ಕೆಳಗೆ ಒಕ್ಕಣೆ: “1944ರ ಅಸಲಿ ಅಮೆರಿಕನ್ ವಿಲ್ಲೀಸ್. ಫುಲ್ ರೆಡಿ. ಡೀಸೆಲ್ ಎಂಜಿನ್, ಪವರ್ ಸ್ಟೀರಿಂಗ್, ಡಿಸ್ಕ್ ಬ್ರೇಕ್. ತಗೊಂಡು ಹೋಗಿ ಓಡಿಸೋದೊಂದೇ ಬಾಕಿ.”

ಶೆಟ್ಟರ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಅವರ ತಂದೆ ಕಾಫಿ ಎಸ್ಟೇಟೊಂದರಲ್ಲಿ ಜೀಪು ಡ್ರೈವರ್ ಆಗಿದ್ದವರು. ಮಳೆಗಾಲದ ಕೆಸರಿನಲ್ಲಿ ಲಾರಿ, ಬಸ್ಸು ಎಲ್ಲ ಕೈಕಟ್ಟಿ ನಿಂತಾಗ ಆ ಜೀಪೊಂದೇ ಹಳ್ಳ ದಾಟಿ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸುತ್ತಿತ್ತು. ಆವತ್ತು ಹಿಂದಿನ ಸೀಟಿನಲ್ಲಿ ಕೂತು ನೋಡಿದ ಹುಡುಗನಿಗೆ ಇವತ್ತು ತಲೆ ನರೆತಿದೆ. ಆಸೆ ನರೆತಿಲ್ಲ. ಎತ್ತಿದ ಚೀಟಿಯ ದುಡ್ಡೂ ಕೈಯಲ್ಲಿದೆ. ಇನ್ನೇನು ಬೇಕು?

ಬೇಕಾದದ್ದು ಸ್ವಲ್ಪ ಅನುಮಾನ!

ಯುದ್ಧದಲ್ಲಿ ಹುಟ್ಟಿದ್ದು, ತೋಟದಲ್ಲಿ ಬೆಳೆದದ್ದು

ಜೀಪು ಹುಟ್ಟಿದ್ದು ಯುದ್ಧದ ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿಗೆ ಟೆಂಡರು ಕರೆಯಿತು. ಮೊದಲ ಮಾದರಿ ತಯಾರಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರು ಮಾತ್ರ ಸಿಕ್ಕಿದ್ದು ಒಹಾಯೊ ರಾಜ್ಯದ ಟೊಲೆಡೊ ಊರಿನ ವಿಲ್ಲೀಸ್-ಓವರ್‌ಲ್ಯಾಂಡ್‌ಗೆ, ಆಮೇಲೆ ಫೋರ್ಡ್‌ಗೆ. 1941ರಿಂದ 1945ರೊಳಗೆ ಈ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದರು. ನಾಲ್ಕು ಸಿಲಿಂಡರ್, 2.2 ಲೀಟರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬರೀ 80 ಇಂಚು. ಸ್ಟೀರಿಂಗ್ ಎಡಗಡೆ, ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ!

ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಮಾರಿದ ಜೀಪುಗಳು ಒಂದೊಂದಾಗಿ ತೋಟಗಳಿಗೆ, ಮಿಲ್ಲುಗಳಿಗೆ ಸೇರಿದವು. 1947ರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ಅಮೆರಿಕದಿಂದ ಬಿಡಿಭಾಗ ತರಿಸಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿತು. 1953ರಲ್ಲಿ ವಿಲ್ಲೀಸ್ ಹೊರತಂದ ‘ಸಿಜೆ-3ಬಿ’ ಎಂಬ ಎತ್ತರದ ಬಾನೆಟ್ಟಿನ ಮಾದರಿಯೇ ಮುಂದೆ ಇಲ್ಲಿಯೂ ತಯಾರಾಯಿತು. ಬಿಡಿಓ ಸಾಹೇಬರ ಜೀಪು, ಪೊಲೀಸ್ ಜೀಪು, ಚುನಾವಣೆ ಜೀಪು ಎಂದು ಹಿರಿಯರು ನೆನೆಯುವುದು ಹೆಚ್ಚಾಗಿ ಇದನ್ನೇ.

ಈ ಮಾತು ಏಕೆಂದರೆ, ನಮ್ಮ ಕಡೆ “ಅಸಲಿ ಅಮೆರಿಕನ್” ಎಂದು ಮಾರಾಟಕ್ಕೆ ಬರುವ ಜೀಪುಗಳಲ್ಲಿ ಅಮೆರಿಕ ಕಾಣದವೂ ಇರುತ್ತವೆ. ಎತ್ತರದ ಬಾನೆಟ್ ತೆಗೆದು ತಗ್ಗಿನದು ಕೂರಿಸಿದರೆ, ನಕ್ಷತ್ರ ಬರೆದರೆ, ಫೋಟೋದಲ್ಲಿ ಅದೂ 1944ರದೇ!

155 ಜೀಪುಗಳ ಪಾಠ

ರಿಪೇರಿ ಮಾಡಿದ ಜೀಪು ಕೊಂಡು ಕೈಸುಟ್ಟುಕೊಂಡ ಮೊದಲಿಗರು ಯಾರು ಗೊತ್ತೇ? ಸಾಕ್ಷಾತ್ ಭಾರತ ಸರ್ಕಾರ!

1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಸೈನ್ಯಕ್ಕೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಮಾಮೂಲಿ ಪದ್ಧತಿ ಬಿಟ್ಟು ವಿದೇಶಿ ಸಂಸ್ಥೆಯೊಂದರ ಜತೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದರು. ಹೆಚ್ಚಿನ ಹಣ ಮುಂಗಡವಾಗಿಯೇ ಹೋಯಿತು. ಬಂದಿಳಿದದ್ದು 155 ಜೀಪು. ಸೈನ್ಯದ ಉಪಯೋಗಕ್ಕೆ ಅವು ಬರಲಿಲ್ಲ. ಪಾರ್ಲಿಮೆಂಟಿನಲ್ಲಿ ಗದ್ದಲವೋ ಗದ್ದಲ. ಕೊನೆಗೆ 1955ರಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಸಾರಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೆಂದು ಇಂದಿಗೂ ಹೇಳುವುದು ಇದನ್ನೇ.

ನೋಡದೆ ದುಡ್ಡು ಕೊಟ್ಟರೆ ಸರ್ಕಾರಕ್ಕೇ ಆ ಗತಿ. ಇನ್ನು ಮೊಳೆ ಮಾರುವ ಶೆಟ್ಟರ ಪಾಡೇನು?

ಮಾರುವವನ ಫೋನೂ ಅದೇ ರಾಗ: “ಸಾರ್, ಇನ್ನಿಬ್ಬರು ಪಾರ್ಟಿ ಇದಾರೆ. ಅರ್ಧ ಅಡ್ವಾನ್ಸ್ ಹಾಕಿಬಿಡಿ, ಗಾಡಿ ನಿಮ್ದೇ.” ಶೆಟ್ಟರ ಕೈ ಚೆಕ್ ಬುಕ್ಕಿನ ಮೇಲೂ ಹೋಗಿತ್ತು. ತಡೆದವರು ಪಕ್ಕದ ಗ್ಯಾರೇಜಿನ ಮೇಸ್ತ್ರಿ ಸಾಬ್ರು. ನಲವತ್ತು ವರ್ಷ ಜೀಪಿನ ಕೆಳಗೇ ಮಲಗಿದವರು. “ಶೆಟ್ರೇ, ಹೆಣ್ಣು ನೋಡ್ದೆ ಮದ್ವೆ ಮಾಡ್ಕೊಂಡೋರು ಇದಾರೆ. ಗಾಡಿ ನೋಡ್ದೆ ದುಡ್ಡು ಕೊಡಬೇಡಿ. ನಾನೂ ಬರ್ತೀನಿ, ನಡೀರಿ.”

ಸಾಬ್ರ ಜೇಬಿನ ಅಯಸ್ಕಾಂತ

ಬೆಳಗಿನ ಬಸ್ಸು ಹತ್ತಿ ಇಬ್ಬರೂ ಹೋದರು. ಜೀಪು ಮದುಮಗನ ಹಾಗೆ ಮಿಂಚುತ್ತಿತ್ತು. ಶೆಟ್ಟರು ಸ್ಟೀರಿಂಗ್ ಹಿಡಿದು ಕೂತೇಬಿಟ್ಟರು. ಸಾಬ್ರು ಮೊದಲು ಬಾನೆಟ್ ಮುಟ್ಟಿದರು. ಬಿಸಿ!

“ಎಂಜಿನ್ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದೀರಲ್ಲಣ್ಣ. ಆರ‍್ಲಿ. ತಣ್ಣಗಿರೋವಾಗ ಹೆಂಗೆ ಏಳುತ್ತೆ ನೋಡೋಣ.”

ಆಮೇಲೆ ಜೇಬಿನಿಂದ ಹೊರಬಂದದ್ದು ಹಳೇ ಸ್ಪೀಕರಿನ ಅಯಸ್ಕಾಂತ. ತಗಡಿದ್ದ ಕಡೆ ಅದು ಟಪ್ಪೆಂದು ಕಚ್ಚಿತು. ಬಾಗಿಲಿನ ಹತ್ತಿರ, ಹಿಂದಿನ ಮಡ್‌ಗಾರ್ಡ್ ಹತ್ತಿರ ಜಾರಿ ಬಿತ್ತು. ತಗಡು ತುಕ್ಕು ತಿಂದ ಜಾಗದಲ್ಲಿ ದಪ್ಪಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಎರಡು ಮಳೆಗಾಲ ಕಂಡರೆ ಹಪ್ಪಳದ ಹಾಗೆ ಎದ್ದು ಬರುವ ಕೆಲಸ.

ಮುಂದಿನ ಜಾಲರಿಯ ಸೀಳು ಎಣಿಸಿದರು: ಏಳು. ಯುದ್ಧಕಾಲದ ಒತ್ತಿದ ತಗಡಿನ ಜಾಲರಿಗೆ ಒಂಬತ್ತು ಸೀಳು. ಆಮೇಲಿನ ನಾಗರಿಕ ಜೀಪುಗಳಿಗೆ ಏಳು. ಹಿಂದೆ ಕೆಳಕ್ಕೆ ಇಳಿಸುವ ಬಾಗಿಲು ಬೇರೆ! ಮಿಲಿಟರಿ ಜೀಪಿಗೆ ಅದಿರಲಿಲ್ಲ. ಒಂಬತ್ತು ಸೀಳಿದ್ದರೂ ಹಿಗ್ಗಬೇಕಾಗಿಲ್ಲ ಎನ್ನುತ್ತಾರೆ ಸಾಬ್ರು. ಜಾಲರಿ, ಬಾಡಿ, ನಂಬರಿನ ತಗಡು ಎಲ್ಲ ಹೊಸದಾಗಿಯೇ ಸಿಗುತ್ತವೆ. ಹರಿಯಾಣದ ಮಂಡಿ ಡಬವಾಲಿಯಂತೂ ಜೀಪು ಕಟ್ಟುವ ಕಸುಬಿಗೇ ಹೆಸರಾದ ಊರು. ಅದರಲ್ಲಿ ತಪ್ಪಿಲ್ಲ. ಹೊಸದನ್ನು ಹಳೇದೆಂದು ಮಾರುವುದು ತಪ್ಪು.

ಹಾಗಾದರೆ ಸುಧಾರಣೆಯೇ ಬೇಡವೇ? ಸಾಬ್ರ ಲೆಕ್ಕ ಬೇರೆ. ಯುದ್ಧಕಾಲದ ಜೀಪಿನ ಕರೆಂಟು 6 ವೋಲ್ಟಿನದು. 12 ವೋಲ್ಟ್ ಮಾಡಿದರೆ ಲೈಟು ಚೆನ್ನಾಗಿ ಉರಿಯುತ್ತದೆ. ಹಳೇ ಬ್ರೇಕಿಗೆ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಘಾಟಿಯಲ್ಲಿ ಓಡಿಸುವವರು ಎರಡು ದಾರಿಯ ಬ್ರೇಕು ಹಾಕಿಸುವುದು ಜೀವ ಉಳಿಸುವ ಕೆಲಸ. ಆದರೆ 60 ಕುದುರೆ ಎಳೆಯಲೆಂದು ಮಾಡಿದ ಚಾಸಿಗೆ ದೊಡ್ಡ ಎಂಜಿನ್ ಕಟ್ಟುವುದು, ಅದಕ್ಕಾಗಿ ಚಾಸಿ ಕತ್ತರಿಸಿ ಬೆಸುಗೆ ಹಾಕುವುದು ಬೇರೆ ಮಾತು. 80 ಇಂಚಿನ ಗಿಡ್ಡ ಗಾಡಿ ತಿರುವಿನಲ್ಲಿ ಮಗುಚಲು ಜಾಸ್ತಿ ಹೊತ್ತು ಬೇಡ. “ಓಡೋ ಶಕ್ತಿ ಕೊಡೋದಕ್ಕಿಂತ ಮುಂಚೆ ನಿಲ್ಲೋ ಶಕ್ತಿ ಕೊಡಬೇಕು” ಅನ್ನುವುದು ಅವರ ಮಾತು.

ಕಾಗದ ಬೇರೆ, ಗಾಡಿ ಬೇರೆ!

ಕೊನೆಗೆ ಆರ್‌ಸಿ ಕೇಳಿದರು. ಬಂದ ಕಾಗದದಲ್ಲಿ ಇಂಧನ ಪೆಟ್ರೋಲ್. ಬಾನೆಟ್ ಕೆಳಗಿರುವುದು ಡೀಸೆಲ್. ಎಂಜಿನ್ ನಂಬರಿಗೂ ಕಾಗದಕ್ಕೂ ತಾಳೆಯಿಲ್ಲ. ತಯಾರಾದ ವರ್ಷ 1944 ಅಲ್ಲ, 1968!

“ಅದೆಲ್ಲ ಆಗುತ್ತೆ ಸಾರ್, ಆಫೀಸಲ್ಲಿ ನಮ್ಮೋರಿದಾರೆ” ಎಂದು ಮಾರುವವನು ನಕ್ಕ.

ಆಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಎಂಜಿನ್ ಬದಲಿಸಬೇಕಾದರೆ ಆರ್‌ಟಿಓ ಒಪ್ಪಿಗೆ ಬೇಕು, ಬದಲಾವಣೆ ಆರ್‌ಸಿಯಲ್ಲಿ ಏರಬೇಕು. ಅದೇ ವರ್ಷದ ತಿದ್ದುಪಡಿ ಪ್ರಕಾರ ಕಾನೂನು ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ದಂಡ ಕಟ್ಟಬೇಕಾದವನು ಗಾಡಿಯ ಮಾಲೀಕ. ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಲಿಕ್ಕೂ ಅಷ್ಟೇ ಸಾಕು.

“ವಿಂಟೇಜ್ ಗಾಡಿ ಅಂತ ಮಾಡಿಸಿ” ಎಂಬ ಸಲಹೆಯೂ ಬಂತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ‘ವಿಎ’ ಅಕ್ಷರದ ಬೇರೆ ನಂಬರು ಕೊಡುವ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದೇ ವಿನಾ ದಿನಾ ಸಂತೆಗೆ ಓಡಿಸುವಂತಿಲ್ಲ. ಡೀಸೆಲ್ ಗುಂಡಿಗೆ ಹಾಕಿಸಿಕೊಂಡ ಜೀಪಿಗೆ ಆ ಬಾಗಿಲೂ ಮುಚ್ಚಿದಂತೆಯೇ. ಮಾಮೂಲಿ ನೋಂದಣಿಯಾದರೆ ಐದೈದು ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಕಾರು, ಜೀಪುಗಳಿಗೆ ಅದರ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು.

ಕೊಳ್ಳುವ ಮುಂಚೆ

ಆದ್ದರಿಂದ ಹಳೇ ಜೀಪಿನ ಆಸೆ ಇರುವವರು ಕಾಗದ ಮೊದಲು ನೋಡಬೇಕು, ಬಣ್ಣ ಆಮೇಲೆ. ಎಂ-ಪರಿವಾಹನ್‌ನಲ್ಲಿ ನಂಬರು ಹಾಕಿ ಯಾರ ಹೆಸರಿನಲ್ಲಿದೆ, ಸಾಲ ಇದೆಯೇ ನೋಡುವುದು. ಚಾಸಿ ನಂಬರನ್ನು ಉಜ್ಜಿ ಸ್ವಂತ ಕಣ್ಣಿನಿಂದ ಓದುವುದು. ಕೆರೆದು ಮತ್ತೆ ಹೊಡೆದಂತಿದ್ದರೆ ಅಲ್ಲಿಂದಲೇ ನಮಸ್ಕಾರ. ಹೊರರಾಜ್ಯದ ಗಾಡಿಯಾದರೆ ಎನ್‌ಓಸಿ, ವರ್ಗಾವಣೆಗೆ 29 ಮತ್ತು 30ನೇ ನಮೂನೆಗೆ ಮಾಲೀಕನದೇ ಸಹಿ. ನಾಲ್ಕು ಚಕ್ರದ ಗೇರು ಹಾಕಿ ಏರು ಹತ್ತಿಸಿ, ಇಳಿಜಾರಿನಲ್ಲಿ ಬ್ರೇಕು ಒತ್ತಿ ನೋಡುವುದು. ಏನೇನು ಬದಲಾಗಿದೆ ಎಂಬುದನ್ನು ಮಾರುವವನ ಕೈಯಲ್ಲೇ ಬರೆಸಿಕೊಳ್ಳುವುದು. ಬರೆದುಕೊಡಲು ಹಿಂದೇಟು ಹಾಕಿದರೆ ಉತ್ತರ ಸಿಕ್ಕಂತೆಯೇ.

ಶೆಟ್ಟರು ಸ್ಟೀರಿಂಗ್ ಬಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ವಾಪಸು ಬರುವ ಬಸ್ಸಿನಲ್ಲಿ ಮಾತಿಲ್ಲ. ಊರು ಹತ್ತಿರ ಬಂದಾಗ ಸಾಬ್ರೇ ಬಾಯಿ ಬಿಟ್ಟರು. ಮೇಲಿನ ಎಸ್ಟೇಟಿನ ಶೆಡ್ಡಿನಲ್ಲಿ ಒಂದು ಹಳೇ ಪೆಟ್ರೋಲ್ ಜೀಪು ನಿಂತಿದೆ. ಎತ್ತರದ ಬಾನೆಟ್, ಬಣ್ಣ ಹೋಗಿದೆ, ಟೈರಿಲ್ಲ, ಕೋಳಿ ಮೊಟ್ಟೆ ಇಡುತ್ತಿದೆ. ಆದರೆ ಎಂಜಿನ್ ಹುಟ್ಟಿದಾಗಿನದೇ, ಕಾಗದ ಒಂದೇ ಮನೆಯ ಹೆಸರಿನಲ್ಲಿ. ತಪ್ಪಿದ ನವೀಕರಣಕ್ಕೆ ದಂಡ ಕಟ್ಟಬೇಕು, ಕೆಲಸಕ್ಕೆ ಒಂದು ವರ್ಷ ಬೇಕು. “ಮೆರುಗು ಇಲ್ಲ ಶೆಟ್ರೇ. ಸುಳ್ಳೂ ಇಲ್ಲ.”

ಶೆಟ್ಟರು ಇನ್ನೂ ಚೌಕಾಸಿಯಲ್ಲಿದ್ದಾರೆ. ಚೀಟಿ ದುಡ್ಡು ಬ್ಯಾಂಕಿನಲ್ಲೇ ಇದೆ. ಆವತ್ತು ರಾತ್ರಿ ಬರಿಗೈಲಿ ಮನೆಗೆ ಬಂದ ಗಂಡನಿಗೆ ಅನ್ನ ಬಡಿಸುತ್ತಾ ಮನೆಯಾಕೆ ಅಂದದ್ದು ಇಷ್ಟೇ:

“ಜೀಪು ತರ್ತೀನಿ ಅಂತ ಹೋದೋರು ದುಡ್ಡು ವಾಪಸ್ ತಂದ್ರಲ್ಲ. ಅದೇ ದೊಡ್ಡ ಸವಾರಿ!”