ಬೇರಿಂಗ್ ಮೇಲಿನ ನಂಬರ್ ಯಾರದ್ದು?

ಬೊಂಬಾರ್ಡಿಯರ್ ಕಂಪನಿ ಕೆನಡಾದಲ್ಲಿ ಸ್ಕೀ-ಡೂ ಸ್ನೋಮೊಬೈಲನ್ನು ಮಾರುಕಟ್ಟೆಗೆ ತಂದಿದ್ದು 1959ರಲ್ಲಿ. ಅಂಥ ಹಳೇ ಹಿಮದ ಗಾಡಿಗಳನ್ನು ಈಗಲೂ ಓಡಿಸುವವರಿದ್ದಾರೆ. ಅವುಗಳ ಸಸ್ಪೆನ್ಷನ್‌ನ ಸಣ್ಣ ಚಕ್ರಗಳು ರಬ್ಬರ್ ಟ್ರ್ಯಾಕ್‌ನೊಳಗೆ ಉರುಳುತ್ತವೆ. ನೀರು ನುಗ್ಗಿ ಗ್ರೀಸ್ ಹೋದರೆ ಬೇರಿಂಗ್ ತುಕ್ಕು ಹಿಡಿದು ಜಾಮ್ ಆಗುತ್ತೆ.

ಗಾಡಿ ಕಂಪನಿಯ ಪಾರ್ಟ್ ನಂಬರ್ ಹಿಡಿದು ಹೋದರೆ ‘ಸ್ಟಾಕ್ ಇಲ್ಲ’ ಅನ್ನಬಹುದು. ಆದರೆ ಬೇರಿಂಗ್ ಮೇಲೇ ಇನ್ನೊಂದು ನಂಬರ್ ಇರುತ್ತೆ. ಉದಾಹರಣೆಗೆ 6204: ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿ.ಮೀ. ಯಾರು ತಯಾರಿಸಿದರೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಇದೇ ಅಳತೆ. ಹಿಮಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರೋ 2ಆರ್‌ಎಸ್ ಬೇಕು.

ಒಂದು ಎಚ್ಚರ: ಕೆಲವು ಗಾಡಿಗಳ ಶಾಫ್ಟ್ ಮುಕ್ಕಾಲು ಇಂಚು, ಅಂದ್ರೆ 19.05 ಮಿ.ಮೀ. ಅಲ್ಲಿ 20ರ ಬೇರಿಂಗ್ ಸಡಿಲವಾಗುತ್ತೆ. ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಬೇಕು. ಚಕ್ರದೊಳಗೆ ಕೂರಿಸುವಾಗ ಹೊರಗಿನ ರಿಂಗನ್ನಷ್ಟೇ ಒತ್ತಿ. ಒಳಗಿನದನ್ನು ಒತ್ತಿದರೆ ಭಾರವೆಲ್ಲ ಗುಂಡುಗಳ ಮೇಲೆ ಬಿದ್ದು ಹೊಸ ಬೇರಿಂಗೂ ಹಾಳು. ಸರ್ಕ್ಲಿಪ್ ಇದ್ದರೆ ಮತ್ತೆ ಹಾಕೋದು ಮರೀಬೇಡಿ.

ಕಂಪನಿ ಕೈಬಿಟ್ಟ ಗಾಡಿಯನ್ನೂ ಈ ಮುಕ್ತ ಅಳತೆ ಬದುಕಿಸುತ್ತೆ. ಮೊಬೈಲ್, ಕೃಷಿ ಯಂತ್ರ, ವಾಹನಗಳ ದುರಸ್ತಿ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ರಚಿಸಿತು. ಆ ಚರ್ಚೆಯಲ್ಲಿ ನಾವು ಕೇಳಬೇಕಾದ್ದೂ ಇದೇ: ಬಿಡಿಭಾಗದ ಅಳತೆ ಎಲ್ಲರದ್ದಾ, ಒಂದೇ ಕಂಪನಿಯದ್ದಾ?