ಒಂದೇ ಮೂಲ, ಬೇರೆ ಹೊಣೆ: ವ್ಯಾಪಾರ ಪತ್ರಗಳಲ್ಲಿನ ಕೆಲವು ಇಂಗ್ಲಿಷ್ ಪದಗಳು

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ವರ್ತಕರು ಮಾತುಕತೆಯನ್ನು ಕನ್ನಡದಲ್ಲಿ ನಡೆಸಿದರೂ, ಸಹಿ ಹಾಕಬೇಕಾದ ಪತ್ರಗಳು ಅನೇಕ ವೇಳೆ ಇಂಗ್ಲಿಷಿನಲ್ಲಿರುತ್ತವೆ. ನೋಡಲು ಒಂದೇ ಬಗೆಯಾಗಿರುವ ಪದಗಳು ಅಲ್ಲಿ ಬೇರೆ ಬೇರೆ ಅರ್ಥಗಳನ್ನು ಹೊತ್ತಿರುತ್ತವೆ. ಅಂತಹ ಕೆಲವನ್ನು ಇಲ್ಲಿ ವಿವರಿಸಲಾಗಿದೆ.

ಸ್ಟೇಷನರಿ: ಕನ್ನಡ ಫಲಕದಲ್ಲಿ ಒಂದೇ ಆಗಿ ಕಾಣುವ ಈ ಪದಕ್ಕೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತಗಳಿವೆ. ಕೊನೆಯಲ್ಲಿ 'ಇ-ಆರ್-ವೈ' ಇದ್ದರೆ ಲೇಖನ ಸಾಮಗ್ರಿ. 'ಎ-ಆರ್-ವೈ' ಇದ್ದರೆ ನಿಶ್ಚಲವಾದುದು. ಎರಡಕ್ಕೂ ಮೂಲ 'ನಿಲ್ಲುವ ಸ್ಥಳ' ಎಂಬ ಅರ್ಥದ ಲ್ಯಾಟಿನ್ ಪದ. ಊರೂರು ತಿರುಗದೆ ಒಂದೆಡೆ ಅಂಗಡಿಯಿಟ್ಟು ನೆಲೆನಿಂತ ಪುಸ್ತಕ ವ್ಯಾಪಾರಿಗೆ ಮಧ್ಯಯುಗದಲ್ಲಿ ಸ್ಟೇಷನರ್ ಎಂಬ ಹೆಸರು ಬಂದಿತು. ಅವನ ಸರಕು ಸ್ಟೇಷನರಿ ಎನಿಸಿತು.

ಪ್ರಿನ್ಸಿಪಲ್: 'ಎ-ಎಲ್' ಎಂದು ಮುಗಿದರೆ ಅಸಲು ಅಥವಾ ಮುಖ್ಯಸ್ಥ, 'ಎಲ್-ಇ' ಎಂದು ಮುಗಿದರೆ ತತ್ತ್ವ. ಬಡ್ಡಿಯ ಲೆಕ್ಕದಲ್ಲಿ ಬರಬೇಕಾದುದು ಮೊದಲನೆಯದು.

ಲೆಸರ್, ಲೆಸಿ: 'ಸಡಿಲಿಸು' ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ಬಂದ ಪದಗಳಿವು. 'ಓ-ಆರ್' ಎಂದು ಮುಗಿದರೆ ಗುತ್ತಿಗೆಗೆ ಕೊಡುವವನು. 'ಇ-ಇ' ಎಂದು ಮುಗಿದರೆ ಪಡೆಯುವವನು. ಪಾವಗಡ ತಾಲ್ಲೂಕಿನ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕಿಗೆ ರೈತರ ಜಮೀನನ್ನು ಖರೀದಿಸದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಅಲ್ಲಿ ರೈತನೇ ಲೆಸರ್. ಭೂಮಿಯ ಒಡೆತನ ಅವನಲ್ಲಿಯೇ ಉಳಿದಿದೆ. ಲಾರಿ ರಸೀದಿಯ ಕನ್ಸೈನರ್ ಸರಕು ಕಳುಹಿಸುವವನು, ಕನ್ಸೈನಿ ಸರಕು ಪಡೆಯುವವನು ಎಂಬುದೂ ಇದೇ ಕ್ರಮದ್ದು.

ವಾರಂಟಿ, ಗ್ಯಾರಂಟಿ: ಇವೆರಡೂ ಒಂದೇ ಜರ್ಮಾನಿಕ್ ಮೂಲದವು. ಉತ್ತರ ಫ್ರಾನ್ಸಿನ ನುಡಿಯಲ್ಲಿ ಉಳಿದ ವಕಾರವು ಪ್ಯಾರಿಸ್ ಕಡೆಯ ನುಡಿಯಲ್ಲಿ ಗಕಾರವಾಯಿತು. ಇಂಗ್ಲಿಷ್ ಎರಡನ್ನೂ ಸ್ವೀಕರಿಸಿತು. ವಾರ್ಡನ್, ಗಾರ್ಡಿಯನ್ ಪದಗಳೂ ಹೀಗೆಯೇ ಬಂದವು. ಆದರೆ ಕಾನೂನಿನಲ್ಲಿ ಇವುಗಳ ಅಂತರ ದೊಡ್ಡದು. 1930ರ ಸರಕು ಮಾರಾಟ ಅಧಿನಿಯಮದಲ್ಲಿ ವಾರಂಟಿ ಎಂದರೆ ಸರಕಿನ ಬಗ್ಗೆ ನೀಡುವ ಪೂರಕ ಭರವಸೆ. ಅದು ಮುರಿದರೆ ಖರೀದಿದಾರನು ನಷ್ಟಪರಿಹಾರ ಕೇಳಬಹುದು. ಆ ಕಾರಣಕ್ಕೆ ಸರಕನ್ನು ತಿರಸ್ಕರಿಸುವಂತಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 126ನೆಯ ಪ್ರಕರಣದಂತೆ ಗ್ಯಾರಂಟಿ ಎಂದರೆ ಇನ್ನೊಬ್ಬನು ತಪ್ಪಿದಲ್ಲಿ ಅವನ ಹೊಣೆಯನ್ನು ತೀರಿಸುವ ಒಪ್ಪಂದ. ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆಂದು 128ನೆಯ ಪ್ರಕರಣ ಹೇಳುತ್ತದೆ. ಸಾಲ ಕೊಟ್ಟವರು ಮೊದಲು ಸಾಲಗಾರನ ಮೇಲೆಯೇ ದಾವೆ ಹೂಡಬೇಕೆಂಬ ನಿಯಮವಿಲ್ಲ.

ಆದುದರಿಂದ ಪರಿಚಿತರ ಸಾಲಪತ್ರಕ್ಕೆ ದಾಕ್ಷಿಣ್ಯದಿಂದ ಸಹಿ ಹಾಕುವ ಮೊದಲು, ತಮ್ಮ ಹೆಸರಿನ ಮುಂದೆ ಯಾವ ಪದವಿದೆ ಎಂಬುದನ್ನು ವರ್ತಕ ಬಾಂಧವರು ಅಕ್ಷರಶಃ ಓದಿಸಿಕೊಂಡು ತಿಳಿಯುವುದು ಒಳಿತು.